ಲ್ಯಾರಿಂಜೋಸ್ಕೋಪಿನ ಬ್ಲೇಡ್ ಮತ್ತು ರಕ್ತದೊತ್ತಡ: ಶಸ್ತ್ರಚಿಕಿತ್ಸೆಗೆ ಮುನ್ನ ತಿಳಿದಿರಬೇಕಾದದ್ದು

ಅಕ್ಕಲಕೋಟ ತಾಲೂಕಿನ ಕನ್ನಡಿಗರು ದೊಡ್ಡ ಶಸ್ತ್ರಚಿಕಿತ್ಸೆಗಾಗಿ ಸಾಮಾನ್ಯವಾಗಿ ಸೊಲ್ಲಾಪುರದ ಆಸ್ಪತ್ರೆಗಳಿಗೇ ಬರುತ್ತಾರೆ. ಅಲ್ಲಿ ಶಸ್ತ್ರವೈದ್ಯರ ಹೆಸರು ಎಲ್ಲರಿಗೂ ನೆನಪಿರುತ್ತದೆ. ಮರಾಠಿಯಲ್ಲಿ ‘ಭೂಲತಜ್ಞ’ರೆನಿಸಿಕೊಳ್ಳುವ ಅರಿವಳಿಕೆ ವೈದ್ಯರ ಹೆಸರು ನೆನಪಿರುವುದು ವಿರಳ. ಆದರೆ ರೋಗಿಯ ಹೃದಯಕ್ಕೆ ಅತ್ಯಂತ ಕಠಿಣವಾದ ಒಂದೆರಡು ನಿಮಿಷಗಳು ಇವರ ಕೈಯಲ್ಲಿಯೇ ಕಳೆಯುತ್ತವೆ.

ಪೂರ್ಣ ಅರಿವಳಿಕೆಯಲ್ಲಿ ಉಸಿರಾಟವನ್ನು ಯಂತ್ರಕ್ಕೆ ಒಪ್ಪಿಸಲು ಬಾಯಿಯ ಮೂಲಕ ಶ್ವಾಸನಾಳಕ್ಕೆ ನಳಿಕೆ ಇಳಿಸುತ್ತಾರೆ. ಇದಕ್ಕೆ ಇಂಟ್ಯುಬೇಷನ್ ಎಂದು ಹೆಸರು. ನಾಲಿಗೆಯನ್ನು ಬದಿಗೆ ಸರಿಸಿ, ಮೇಲೆತ್ತಿ, ಧ್ವನಿತಂತುಗಳನ್ನು ಕಾಣಿಸುವ ದೀಪದ ಉಪಕರಣವೇ ಲ್ಯಾರಿಂಜೋಸ್ಕೋಪ್. ಅದರ ಲೋಹದ ಪಟ್ಟಿಯನ್ನು ಬ್ಲೇಡ್ ಎನ್ನುತ್ತಾರಾದರೂ ಅದು ಕೊಯ್ಯುವ ಅಲಗಲ್ಲ.

ರೋಗಿಗೆ ಎಚ್ಚರವಿಲ್ಲದಿದ್ದರೂ ಗಂಟಲಿನ ನರಗಳು ಆ ಒತ್ತಡವನ್ನು ಮೆದುಳಿಗೆ ತಲುಪಿಸುತ್ತವೆ. ಅಡ್ರಿನಲಿನ್, ನಾರ್ ಅಡ್ರಿನಲಿನ್‌ಗಳು ರಕ್ತಕ್ಕೆ ಸೇರಿ ನಾಡಿ ವೇಗಗೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ಏರಿಕೆ ಕೆಲವೇ ಸೆಕೆಂಡುಗಳಲ್ಲಿ ಆರಂಭವಾಗಿ, ಒಂದೆರಡು ನಿಮಿಷದಲ್ಲಿ ತುದಿ ಮುಟ್ಟಿ, ಬಹುತೇಕ 5ರಿಂದ 10 ನಿಮಿಷಗಳೊಳಗೆ ಇಳಿಯುತ್ತದೆ. ಕಿಂಗ್ ಮತ್ತು ಸಹೋದ್ಯೋಗಿಗಳು 1951ರಲ್ಲಿಯೇ ಇದನ್ನು ವಿವರವಾಗಿ ದಾಖಲಿಸಿದರು. ಆರೋಗ್ಯವಂತರು ಇದನ್ನು ಸುಲಭವಾಗಿ ತಾಳಿಕೊಳ್ಳುತ್ತಾರೆ. ಹತೋಟಿಗೆ ಬಾರದ ರಕ್ತದೊತ್ತಡವುಳ್ಳವರಿಗೆ, ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ, ಮೆದುಳಿನ ರಕ್ತನಾಳ ಉಬ್ಬಿರುವವರಿಗೆ, ಬಸಿರಿನಲ್ಲಿ ಬಿ.ಪಿ. ಏರಿದ ತಾಯಂದಿರಿಗೆ ಇದೇ ಏರಿಕೆ ಹೃದಯಾಘಾತಕ್ಕೋ ಮೆದುಳಿನ ರಕ್ತಸ್ರಾವಕ್ಕೋ ಕಾರಣವಾಗಬಹುದು.

ಬ್ಲೇಡಿನ ಆಕಾರ ಇಲ್ಲಿ ಮಹತ್ವ ಪಡೆಯುತ್ತದೆ. 1941ರಲ್ಲಿ ರಾಬರ್ಟ್ ಮಿಲ್ಲರ್ ಪರಿಚಯಿಸಿದ ನೇರ ಬ್ಲೇಡ್, ಧ್ವನಿಪೆಟ್ಟಿಗೆಯ ಮೇಲಿನ ಎಪಿಗ್ಲಾಟಿಸ್ ಎಂಬ ಮುಚ್ಚಳದ ಅಡಿಗೆ ಹೋಗಿ ಅದನ್ನು ನೇರವಾಗಿ ಎತ್ತುತ್ತದೆ. ಆ ಮುಚ್ಚಳದ ಅಡಿಭಾಗ ವೇಗಸ್ ನರದ ಶಾಖೆಗೆ ಸೇರಿದ್ದು. ಆಕ್ಸ್‌ಫರ್ಡಿನ ರಾಬರ್ಟ್ ಮ್ಯಾಕಿಂಟಾಷ್ 1943ರಲ್ಲಿ ಪ್ರಕಟಿಸಿದ ಬಾಗಿದ ಬ್ಲೇಡ್ ನಾಲಿಗೆಯ ಬುಡಕ್ಕೂ ಮುಚ್ಚಳಕ್ಕೂ ನಡುವಿನ ತಗ್ಗಿನಲ್ಲಿ ನಿಂತು ಮುಚ್ಚಳವನ್ನು ಪರೋಕ್ಷವಾಗಿ ಎತ್ತುತ್ತದೆ. ಸೂಕ್ಷ್ಮವಾದ ಅಡಿಭಾಗವನ್ನು ಮುಟ್ಟದ ಕಾರಣ ಪ್ರಚೋದನೆ ಕಡಿಮೆಯಾಗಬೇಕೆಂಬುದು ತರ್ಕ. ವಯಸ್ಕರಲ್ಲಿ ಇಂದಿಗೂ ಇದರದೇ ಬಳಕೆ ಹೆಚ್ಚು. ಎಳೆಯ ಮಕ್ಕಳ ಮುಚ್ಚಳ ಉದ್ದವೂ ಸಡಿಲವೂ ಆಗಿರುವುದರಿಂದ ಅವರಿಗೆ ನೇರ ಬ್ಲೇಡನ್ನು ಆರಿಸುವುದುಂಟು. ಅವರಲ್ಲಿ ನಾಡಿ ಏರುವ ಬದಲು ಒಮ್ಮೆಲೇ ಇಳಿಯುವ ಅಪಾಯವೂ ಇದೆ.

1993ರ ಮೆಕಾಯ್ ಬ್ಲೇಡಿನ ತುದಿಗೆ ಕೀಲು ಇದೆ. ಹಿಡಿಕೆಯ ಸನ್ನೆಯನ್ನು ಒತ್ತಿದರೆ ತುದಿಯಷ್ಟೇ ಮೇಲೇಳುವುದರಿಂದ ಇಡೀ ದವಡೆಯನ್ನು ಬಲವಾಗಿ ಎತ್ತಬೇಕಾಗಿಲ್ಲ. 1995ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಮ್ಯಾಕಿಂಟಾಷ್‌ಗಿಂತ ಇದರಲ್ಲಿ ದೇಹದ ಪ್ರತಿಕ್ರಿಯೆ ಕಡಿಮೆ ಕಂಡುಬಂತು. ಪರದೆಯ ಮೇಲೆ ನೋಡಿ ನಳಿಕೆ ಹಾಕುವ ವಿಡಿಯೋ ಲ್ಯಾರಿಂಜೋಸ್ಕೋಪ್‌ಗಳ ವಿಷಯದಲ್ಲಿ ಮಾತ್ರ ಅಧ್ಯಯನಗಳ ಫಲಿತಾಂಶ ಒಂದೇ ಬಗೆಯದ್ದಲ್ಲ. ಇದರಲ್ಲಿ ಆಶ್ಚರ್ಯವೂ ಇಲ್ಲ. ಬ್ಲೇಡ್ ಎಷ್ಟೇ ಮೃದುವಾಗಿದ್ದರೂ ಧ್ವನಿತಂತುಗಳನ್ನು ದಾಟಿ ಶ್ವಾಸನಾಳವನ್ನು ಸೋಕುವ ನಳಿಕೆಯೇ ಬಲವಾದ ಪ್ರಚೋದನೆ.

ಆದುದರಿಂದ ದುಬಾರಿ ಉಪಕರಣವಿರುವ ಆಸ್ಪತ್ರೆಯೇ ಸುರಕ್ಷಿತವೆಂಬ ತೀರ್ಮಾನ ಸಲ್ಲದು. ಪಳಗಿದ ಕೈ ಸಾಮಾನ್ಯ ಬ್ಲೇಡಿನಿಂದಲೇ ಕಡಿಮೆ ಬಲದಲ್ಲಿ, ಸುಮಾರು 15 ಸೆಕೆಂಡಿನೊಳಗೆ ಕೆಲಸ ಮುಗಿಸಿದರೆ ಏರಿಕೆಯೂ ಮಿತವಾಗಿರುತ್ತದೆ. ಜೊತೆಗೆ ಫೆಂಟನಿಲ್, ಲಿಗ್ನೋಕೇನ್, ಎಸ್ಮೊಲಾಲ್‌ನಂಥ ಔಷಧಗಳನ್ನು ಮುಂಚಿತವಾಗಿ ಕೊಟ್ಟು ಪ್ರತಿಕ್ರಿಯೆಯನ್ನು ತಗ್ಗಿಸಬಹುದು. ಅದಕ್ಕೆ ರೋಗಿಯ ಪೂರ್ವಚರಿತ್ರೆ ವೈದ್ಯರಿಗೆ ತಿಳಿದಿರಬೇಕು.

ನಮ್ಮವರಿಗೆ ತೊಡಕಾಗುವುದು ಇಲ್ಲಿಯೇ. ಮನೆಯಲ್ಲಿ ಕನ್ನಡವನ್ನಷ್ಟೇ ಆಡುವ ಹಿರಿಯರು ಮರಾಠಿಯ ಪ್ರಶ್ನೆಗಳಿಗೆ ತಲೆಯಾಡಿಸಿ ಸುಮ್ಮನಾಗುವುದು ಅಪರೂಪವಲ್ಲ. ಬಿ.ಪಿ.ಗೆ ಮರಾಠಿಯಲ್ಲಿ ‘ರಕ್ತದಾಬ’, ಉಬ್ಬಸಕ್ಕೆ ‘ದಮಾ’, ಸಹಿ ಹಾಕುವ ಒಪ್ಪಿಗೆಯ ಕಾಗದಕ್ಕೆ ‘ಸಂಮತಿಪತ್ರ’ ಎನ್ನುತ್ತಾರೆ. ಎರಡೂ ಭಾಷೆ ಬಲ್ಲ ಒಬ್ಬರು ಅರಿವಳಿಕೆ ವೈದ್ಯರ ತಪಾಸಣೆಯ ಹೊತ್ತಿಗೆ ಜೊತೆಗಿರಲಿ. ನುಂಗುವ ಎಲ್ಲ ಮಾತ್ರೆಗಳನ್ನು ಪಟ್ಟಿಯ ಸಮೇತ ಒಯ್ಯಿರಿ. ಎದೆನೋವು, ಪಾರ್ಶ್ವವಾಯು, ಅಲುಗಾಡುವ ಹಲ್ಲು, ಹಿಂದಿನ ಅರಿವಳಿಕೆಯಲ್ಲಿ ಆದ ತೊಂದರೆ ಇವನ್ನು ಕೇಳದಿದ್ದರೂ ಹೇಳಿರಿ. ಶಸ್ತ್ರಚಿಕಿತ್ಸೆಯ ದಿನ ಉಪವಾಸವೆಂದು ಬಿ.ಪಿ. ಮಾತ್ರೆಯನ್ನು ತಾವಾಗಿಯೇ ಬಿಡಬಾರದು. ಕೆಲವನ್ನು ಒಂದು ಗುಟುಕು ನೀರಿನೊಂದಿಗೆ ಮುಂದುವರಿಸಬೇಕು, ಕೆಲವನ್ನು ಹಿಂದಿನ ದಿನವೇ ನಿಲ್ಲಿಸಬೇಕಾಗಬಹುದು. ಯಾವುದನ್ನೆಂಬುದನ್ನು ಅರಿವಳಿಕೆ ವೈದ್ಯರನ್ನೇ ಕೇಳಬೇಕು.