ರಾತ್ರಿಶಾಲೆ ಕಲಿಸಿದ ನಡೆ-ನುಡಿ

ಮುಂಬಯಿ ಕನ್ನಡಿಗರ ಇತಿಹಾಸ ಬರೆಯುವವರು ರಾತ್ರಿಶಾಲೆಯನ್ನು ಮರೆಯುವಂತಿಲ್ಲ. 1902ರಲ್ಲಿ ಸ್ಥಾಪನೆಗೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿಯು 1908ರಲ್ಲಿಯೇ ಇಲ್ಲಿ ರಾತ್ರಿಶಾಲೆಯನ್ನು ತೆರೆಯಿತು. ಮುಂದೆ ಇತರ ಸಂಘಗಳೂ ಅದೇ ದಾರಿ ಹಿಡಿದವು. ಓದು ಅರ್ಧಕ್ಕೆ ಬಿಟ್ಟು ಕರಾವಳಿಯಿಂದ ಬಂದ ನಮ್ಮ ಹುಡುಗರು ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಪುಸ್ತಕ ಹಿಡಿದರು.

ಅವರು ಕಲಿತದ್ದು ಬರೀ ಅಕ್ಷರವಲ್ಲ. ಗುಜರಾತಿ, ಮರಾಠಿ, ಪಾರ್ಸಿ ಗಿರಾಕಿಗಳ ರೀತಿ-ರಿವಾಜು ಅರಿತು, ಅವರವರ ಭಾಷೆಯಲ್ಲಿ ನಾಲ್ಕು ಮಾತಾಡುವುದನ್ನು ಹೋಟೆಲು ಕಲಿಸಿತು. ಅರ್ಜಿ ಬರೆಯುವುದನ್ನು, ಸಭೆಯಲ್ಲಿ ಎದ್ದು ನಿಂತು ಮಾತಾಡುವುದನ್ನು ಶಾಲೆ ಕಲಿಸಿತು. ಅಡುಗೆಮನೆಯ ಕೆಲಸದಿಂದ ಮೇಲೆ ಬಂದ ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುಚಿತ್ವಕ್ಕೆ ಮನೆಮಾತಾಯಿತು. ನಡತೆಯೂ ಒಂದು ಬಂಡವಾಳವೇ ಅಲ್ಲವೇ?

ನಮ್ಮ ವಿಕ್ರೋಳಿಯ ಕಥೆ ತುಸು ಬೇರೆ. 1943ರಲ್ಲಿ ಪಿರೋಜ್‌ಶಾ ಗೋದ್ರೆಜರು ಇಲ್ಲಿ ಜಮೀನು ಕೊಂಡರು. 1951-52ರ ಮೊದಲ ಮಹಾಚುನಾವಣೆಗೆ 12 ಲಕ್ಷಕ್ಕೂ ಮಿಕ್ಕಿ ಮತಪೆಟ್ಟಿಗೆಗಳು ಇಲ್ಲಿಯೇ ತಯಾರಾದವು. ಕಾರ್ಖಾನೆಯ ಕೆಲಸಕ್ಕೆ ಬೇಕಾದ ಶಿಸ್ತು ಬೇರೆ: ಗಂಟೆಗೆ ಸರಿಯಾಗಿ ಹಾಜರಿ, ಮೇಲಿನವರಿಗೆ ಸ್ಪಷ್ಟ ಉತ್ತರ, ಪಕ್ಕದ ಪರಭಾಷಿಕನೊಡನೆ ಹೊಂದಾಣಿಕೆ.

ಈಗ ಕಾಲ ಬದಲಾಗಿದೆ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವಂತಿಲ್ಲ, ಅದು ಆಗಬೇಕಾದದ್ದೇ. ಕನ್ನಡ ರಾತ್ರಿಶಾಲೆಗಳೂ ವಿರಳವಾಗಿವೆ. ನಮ್ಮ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಒಳ್ಳೆಯ ಅಂಕ ಗಳಿಸುತ್ತಾರೆ. ಆದರೆ ಸಂದರ್ಶನದಲ್ಲಿ ಎದುರು ಕುಳಿತಾಗ ಎಷ್ಟೋ ಮಕ್ಕಳ ಮಾತು ಗಂಟಲಲ್ಲೇ ನಿಲ್ಲುತ್ತದೆ. ಹಿರಿಯರೆದುರು ಬಾಯಿ ತೆರೆಯಬಾರದೆಂದು ಮನೆಯಲ್ಲಿ ನಾವೇ ಹೇಳಿಕೊಟ್ಟಿರುತ್ತೇವೆ. ವಿನಯ ಬೇರೆ, ಹಿಂಜರಿಕೆ ಬೇರೆ. ರಾತ್ರಿಶಾಲೆಯ ಭಾಷಣ ಸ್ಪರ್ಧೆ, ನಾಟಕಗಳು ಈ ಭೇದವನ್ನು ಬಡ ಹುಡುಗನಿಗೂ ತಿಳಿಸಿಕೊಟ್ಟಿದ್ದವು.

ಆ ಹೊಣೆ ಈಗ ಸಂಘಗಳದ್ದು, ಪಾಲಕರದ್ದು. ಟಾಗೋರ್ ನಗರ, ಕನ್ನಮ್ವಾರ್ ನಗರಗಳ ಒಂಬತ್ತು-ಹತ್ತನೆಯ ತರಗತಿಯ ಮಕ್ಕಳನ್ನು ತಿಂಗಳಿಗೊಂದು ಭಾನುವಾರ ಕೂಡಿಸೋಣ. ಅತಿಥಿಗಳನ್ನು ಅವರೇ ಸ್ವಾಗತಿಸಲಿ, ವಂದನಾರ್ಪಣೆ ಅವರೇ ಮಾಡಲಿ, ನೆರೆಯ ಮರಾಠಿ ಮಕ್ಕಳನ್ನೂ ಕರೆತರಲಿ. ರಾತ್ರಿಶಾಲೆಯಲ್ಲಿ ಕಲಿತ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ಬಾಯಿಂದಲೇ ಮಕ್ಕಳು ಈ ಪಾಠ ಕೇಳಲಿ.