ಹೇರೆತ್ತಿನಿಂದ ಪಿಕಪ್‌ವರೆಗೆ: ನಮ್ಮ ನಾಡಿನ ಹೊರೆ ಎಳೆದ ಗಾಡಿಗಳು

ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಸಂಪಾದಕ ಮಂಡಳಿಯವರು ಒತ್ತಾಯ ಮಾಡಿದರು. ನಾವು ಎಸ್.ಎಸ್.ಎಲ್.ಸಿ.ಯವರೆಗೆ ಓದಿದವರು, ಬರಹಗಾರರಲ್ಲ. ಆದರೂ ನಮಗೆ ಗೊತ್ತಿರುವ ಒಂದು ವಿಷಯವಿದೆ. ಅದು ಗಾಡಿ. ನಮ್ಮ ಸದಸ್ಯರಲ್ಲಿ ಗೊಬ್ಬರ ತರದವರು, ಕಾಫಿ ಸಾಗಿಸದವರು ಯಾರಿದ್ದಾರೆ? ಹುದಿಕೇರಿಯಲ್ಲಿ ಒಂದು ಮೂಟೆ ಎಲ್ಲಿಂದ ಎಲ್ಲಿಗೆ ಹೇಗೆ ಹೋಯಿತು ಎಂಬುದೇ ನಮ್ಮ ಕೃಷಿಯ ಅರ್ಧ ಚರಿತ್ರೆ. ಆದ್ದರಿಂದ ಅದನ್ನೇ ಬರೆಯುತ್ತೇವೆ.

ಕೊಡಗಿಗೆ ಇಂದಿಗೂ ರೈಲು ಬಂದಿಲ್ಲ. ಹಿಂದೆ ನಮ್ಮ ಗದ್ದೆಯ ಅಕ್ಕಿ ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಇಳಿದು ಮಲಬಾರಿಗೆ ಹೋಗುತ್ತಿತ್ತು. ಅದೇ ಎತ್ತುಗಳು ಬರುವಾಗ ಉಪ್ಪು ಹೊತ್ತು ತರುತ್ತಿದ್ದವು. 1834ರಲ್ಲಿ ಇಂಗ್ಲಿಷರ ಆಳ್ವಿಕೆ ಬಂದ ಮೇಲೆ ಘಟ್ಟದ ರಸ್ತೆಗಳಾದವು, ಕಾಫಿ ತೋಟಗಳು ಹೆಚ್ಚಿದವು, ಎತ್ತಿನಗಾಡಿಯ ಕಾಲ ಬಂತು. ಕಾಫಿ ತಲಚೇರಿ, ಮಂಗಳೂರಿನ ಬಂದರಿಗೂ ಹುಣಸೂರಿನ ಕಡೆಗೂ ಗಾಡಿಗಳಲ್ಲೇ ಹೋಗುತ್ತಿತ್ತು. ಎತ್ತಿಗೆ ಒಂದು ಗುಣವಿದೆ. ಹೊರೆ ಜಾಸ್ತಿಯಾದರೆ ಅದು ನಿಂತುಬಿಡುತ್ತದೆ. ಎಂಜಿನ್ನಿಗೆ ಆ ಬುದ್ಧಿ ಇಲ್ಲ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1941ರಲ್ಲಿ ಅಮೆರಿಕದ ಸೈನ್ಯಕ್ಕೆ ವಿಲ್ಲಿಸ್ ಕಂಪೆನಿ ಇದನ್ನು ತಯಾರಿಸಲು ಶುರುಮಾಡಿತು. ಸೈನ್ಯದ ಲೆಕ್ಕದಲ್ಲಿ ಇದು ಕಾಲು ಟನ್ನಿನ ಟ್ರಕ್. ಇದರ ಹಿಂದೆ ಕಟ್ಟಲು ಕಾಲು ಟನ್ನಿನದೇ ಒಂದು ಸಣ್ಣ ಟ್ರೈಲರ್ ಇತ್ತು. ಎರಡನೇ ಮಹಾಯುದ್ಧಕ್ಕೆ ಹೋದ ಕೊಡಗಿನ ಸೈನಿಕರು ಜೀಪನ್ನು ಅಲ್ಲೇ ಕಂಡಿದ್ದರು. ಯುದ್ಧ ಮುಗಿದ ಮೇಲೆ ಸೈನ್ಯದ ಹರಾಜಿನಲ್ಲಿ 'ಡಿಸ್ಪೋಸಲ್ ಜೀಪು'ಗಳು ಸಿಗತೊಡಗಿದವು. 1947ರಲ್ಲಿ ಮುಂಬಯಿಯಲ್ಲಿ ಮಹೀಂದ್ರ ಸೋದರರ ಕಂಪೆನಿ ಹೊರದೇಶದಿಂದ ಬಿಡಿಭಾಗ ತರಿಸಿ ಜೀಪು ಜೋಡಿಸಲು ಆರಂಭಿಸಿತು. ಆ ಕಂಪೆನಿಯ ಮೊದಲ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪೆನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು.

ನಮ್ಮ ನಾಡಿಗೆ ಜೀಪು ಒಗ್ಗಿದ್ದರಲ್ಲಿ ಆಶ್ಚರ್ಯವೇನಿಲ್ಲ. ಮಳೆಗಾಲದಲ್ಲಿ ಬಿರುನಾಣಿ, ಟಿ. ಶೆಟ್ಟಿಗೇರಿ ಕಡೆಯ ಒಳದಾರಿಗಳನ್ನು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ನಾಲ್ಕು ಚಕ್ರಕ್ಕೂ ಎಳೆತ ಕೊಟ್ಟು, ಚಕ್ರಕ್ಕೆ ಚೈನ್ ಕಟ್ಟಿದರೆ ಕಕ್ಕಡದ ಕೆಸರಲ್ಲೂ ಜೀಪು ಮನೆ ಸೇರುತ್ತಿತ್ತು. ಹೆರಿಗೆ ನೋವು ಬಂದವರು, ಹಾವು ಕಚ್ಚಿದವರು, ಶಾಲೆಗೆ ಹೋಗುವ ಮಕ್ಕಳು, ಹಂದಿ ಗೊಬ್ಬರ, ಮದುವೆಯ ದಿಬ್ಬಣ, ಎಲ್ಲಕ್ಕೂ ಒಂದೇ ಜೀಪು. ಊರಿಗೆ ಒಂದಿದ್ದರೆ ಅದು ಊರಿನ ಜೀಪೇ ಆಗಿಬಿಡುತ್ತಿತ್ತು.

ಆ ಜೀಪುಗಳು ಪೆಟ್ರೋಲಿನವು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ನಿರ್ಬಂಧ ಹಾಕಿದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ಎಣ್ಣೆ 1974ರ ಆರಂಭಕ್ಕೆ 12 ಡಾಲರಿನ ಹತ್ತಿರ ಹೋಯಿತು. ಎಲ್ಲೋ ಮರುಭೂಮಿಯಲ್ಲಿ ನಡೆದದ್ದು ನಮ್ಮ ಕೊಟ್ಟಿಗೆಯ ಜೀಪನ್ನು ನಿಲ್ಲಿಸಿತು. ಡೀಸೆಲ್ ಮೇಲೆ ಸರ್ಕಾರದ ಹಿಡಿತವಿದ್ದು ಬೆಲೆ ಕಡಿಮೆ ಇತ್ತು. ಆಗಿನಿಂದ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸುವ ಕೆಲಸ ದೇಶದ ಗರಾಜುಗಳಲ್ಲೆಲ್ಲ ನಡೆಯಿತು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ವಿನ್ಯಾಸದ 2.1 ಲೀಟರ್ ಡೀಸೆಲ್ ಎಂಜಿನ್ನಿನ ಜೀಪುಗಳು ಕಂಪೆನಿಯಿಂದಲೇ ಬಂದವು. ನಮ್ಮ ಮನೆಗೆ ಬಂದದ್ದೂ ಅಂಥದೇ ಒಂದು, ಸೆಕೆಂಡ್ ಹ್ಯಾಂಡ್.

ಡೀಸೆಲ್ ಯಾಕೆ ಚೆನ್ನಾಗಿ ಎಳೆಯುತ್ತದೆ ಅಂತ ಎಷ್ಟೋ ಜನ ಕೇಳುತ್ತಾರೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಕೊಟ್ಟು ಉರಿಸಬೇಕು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಇಪ್ಪತ್ತು ಪಟ್ಟಿನಷ್ಟು ಒತ್ತಿ ಬಿಸಿ ಮಾಡುತ್ತಾರೆ. ಆ ಬಿಸಿಗೆ ಎಣ್ಣೆ ಸಿಂಪಡಿಸಿದ ಕೂಡಲೇ ತಾನೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಇಂಥ ಎಂಜಿನ್ ಓಡಿಸಿ ತೋರಿಸಿದರು. ಇದು ಎಂಜಿನ್ ನಿಧಾನ ತಿರುಗುವಾಗಲೇ ಒಳ್ಳೆ ತಿರುಚು ಬಲ ಕೊಡುತ್ತದೆ. ಆದ್ದರಿಂದ ಮೂಟೆ ತುಂಬಿದ ಟ್ರೈಲರನ್ನು ಏರಿನಲ್ಲಿ ಮೊದಲ ಗೇರಿನಲ್ಲಿ ಎಳೆಯಲು ಇದೇ ಸರಿ.

ಎಳೆಯುವುದು ಸುಲಭವಾಯಿತು. ನಿಲ್ಲಿಸುವುದು ಸುಲಭವಾಗಲಿಲ್ಲ. ಇದನ್ನು ನಾವು ಕಲಿತ ರೀತಿಯನ್ನು ಹೇಳಲೇಬೇಕು. ಇಷ್ಟು ವರ್ಷ ಸಭೆಯಲ್ಲಿ ಹೇಳಿರಲಿಲ್ಲ.

2004ರ ಜನವರಿ. ಕಾಫಿ ಕುಯ್ಲಿನ ಭರಾಟೆ. ಕೆಳಗಿನ ತೋಟದಿಂದ ಮೇಲಿನ ಕಣಕ್ಕೆ ಹಸಿ ಹಣ್ಣಿನ ಚೀಲಗಳನ್ನು ಜೀಪಿನ ಟ್ರೈಲರಿನಲ್ಲಿ ತರುತ್ತಿದ್ದೆವು. ಟ್ರೈಲರಿನ ಕೊಂಡಿಯ ಪಿನ್ ಮೇಲೆ ಬರದಂತೆ ತಡೆಯುವ ಸಣ್ಣ ಲಾಕ್ ಪಿನ್ ಎಲ್ಲೋ ಬಿದ್ದುಹೋಗಿತ್ತು. ಅದರ ಜಾಗಕ್ಕೆ ನಾವು ಒಂದು ಮೊಳೆ ಬಗ್ಗಿಸಿ ಹಾಕಿದ್ದೆವು. ಗೋಣಿಕೊಪ್ಪಕ್ಕೆ ಹೋದಾಗ ತಂದರಾಯ್ತು ಅಂತ. ಹಾಗೆ ಎರಡು ವಾರ ಕಳೆದಿತ್ತು. ಸುರಕ್ಷತೆಯ ಸರಪಳಿಯಂತೂ ಇರಲೇ ಇಲ್ಲ. ಇಪ್ಪತ್ತು ಚೀಲ ಹಾಕಿದ್ದೆವು. ಚೀಲಕ್ಕೆ ಐವತ್ತು ಕಿಲೋ ಹಿಡಿದರೂ ಒಂದು ಟನ್. ಕಾಲು ಟನ್ನಿಗೆ ಮಾಡಿದ ಗಾಡಿಗೆ ಒಂದು ಟನ್. ಅದರ ಮೇಲೆ ಮೂರು ಜನ ಆಳುಗಳು. ಸ್ಟೀರಿಂಗ್ ಹಿಡಿದವರು ನಾವೇ.

ಏರಿನ ಮಧ್ಯದಲ್ಲಿ ಜೀಪು ಒಮ್ಮೆಲೇ ಹಗುರವಾಯಿತು. ಹಿಂದೆ ತಿರುಗಿ ನೋಡುವಷ್ಟರಲ್ಲಿ ಟ್ರೈಲರ್ ಹಿಂದಕ್ಕೆ ಉರುಳುತ್ತಿತ್ತು. ಇಬ್ಬರು ಹಾರಿದರು. ಮೂರನೆಯವರು ಹಾರುವ ಮೊದಲೇ ಟ್ರೈಲರ್ ಸಿಲ್ವರ್ ಓಕ್ ಮರಕ್ಕೆ ಗುದ್ದಿತು. ಅವರ ಕಾಲು ನಡುವೆ ಸಿಕ್ಕಿತು. ಅದೇ ಜೀಪಿನಲ್ಲಿ ಗೋಣಿಕೊಪ್ಪಕ್ಕೆ, ಅಲ್ಲಿಂದ ಮೈಸೂರಿಗೆ ಕರೆದುಕೊಂಡು ಹೋದೆವು. ಪ್ರಾಣ ಉಳಿಯಿತು, ಮೊಣಕಾಲಿನ ಕೆಳಗೆ ಕಾಲು ಉಳಿಯಲಿಲ್ಲ. ಅವರು ನಮ್ಮ ತೋಟದಲ್ಲಿ ಕರಿಮೆಣಸು ಕುಯ್ಯುವುದರಲ್ಲಿ ಎಲ್ಲರಿಗಿಂತ ಚುರುಕಾಗಿದ್ದವರು. ಮತ್ತೆ ಏಣಿ ಹತ್ತಲಿಲ್ಲ.

ವಿಮೆ ಇದೆಯಲ್ಲ ಎಂದುಕೊಂಡಿದ್ದೆವು. ಟ್ರೈಲರಿನಲ್ಲಿ ಜನ ಕೂರಿಸಿದ್ದಕ್ಕೆ ಪಾಲಿಸಿಯಲ್ಲಿ ಜಾಗವಿಲ್ಲ ಎಂದು ಆಮೇಲೆ ಗೊತ್ತಾಯಿತು. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪೆನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಡಿಸೆಂಬರಿನಲ್ಲೇ ಹೇಳಿತ್ತು. ನಾವು ಅದನ್ನು ಓದಿದವರಲ್ಲ. ಓದಿದ್ದರೂ ಆ ಮೊಳೆಯನ್ನು ತೆಗೆಯುತ್ತಿದ್ದೆವೋ ಇಲ್ಲವೋ. ಆಸ್ಪತ್ರೆಯ ಖರ್ಚಿಗೆ, ಆಮೇಲೆ ಅವರ ಮನೆಗೆ ಕೊಟ್ಟದ್ದಕ್ಕೆ ಸಂಘದಿಂದ ಸಾಲ ತೆಗೆದೆವು. ಕಾಫಿಗೆ ಬೆಲೆ ಇಲ್ಲದ ಕಾಲ ಅದು. ತೀರಿಸಲು ವರ್ಷಗಳೇ ಬೇಕಾದವು. ಹಣ ತೀರಿತು. ಋಣ ತೀರಿತೆಂದು ನಾವು ಹೇಳುವುದಿಲ್ಲ.

ಚರಿತ್ರೆಗೆ ಮರಳೋಣ. 1942ರ ಕಾಯ್ದೆಯಿಂದ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹೋಗಬೇಕಿತ್ತು. ಬೆಳೆಗಾರ ಮಾಲು ಒಪ್ಪಿಸಿ ಕಂತಿನ ಹಣಕ್ಕೆ ಕಾಯುತ್ತಿದ್ದ. 1990ರ ದಶಕದಲ್ಲಿ ಅದು ಹಂತ ಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಮಾರಾಟ ಮುಕ್ತವಾಯಿತು. ಅದಕ್ಕೆ ಸರಿಯಾಗಿ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿತ್ತು. ಗೋಣಿಕೊಪ್ಪದಲ್ಲಿ ಇಷ್ಟು, ವಿರಾಜಪೇಟೆಯಲ್ಲಿ ಇಷ್ಟು ಅಂತ ವಿಚಾರಿಸಿ ಎಲ್ಲಿ ಹೆಚ್ಚೋ ಅಲ್ಲಿಗೆ ಒಯ್ಯುವ ಸ್ವಾತಂತ್ರ್ಯ ಬಂತು. ಸ್ವಂತ ಗಾಡಿ ಇದ್ದವನಿಗೆ ಚೌಕಾಸಿಯ ಬಲ ಬಂತು. ಹಾಗಾಗಿ ಗಾಡಿ ಕೊಳ್ಳುವ ಆಸೆ ಹೆಚ್ಚಿತು. 1986ರಲ್ಲೇ ಬಂದಿದ್ದ ಟಾಟಾ 407, 2000ದಲ್ಲಿ ಬಂದ ಬೊಲೇರೊ, ಅದರದೇ ಪಿಕಪ್, 2005ರಲ್ಲಿ ಬಂದ ಟಾಟಾ ಏಸ್, ಒಂದೊಂದೇ ನಮ್ಮ ರಸ್ತೆಗೆ ಇಳಿದವು. ಆದರೆ 2000ದ ನಂತರದ ವರ್ಷಗಳಲ್ಲಿ ಬೆಲೆ ಕುಸಿದಾಗ ಗಾಡಿಯ ಕಂತು ಮಾತ್ರ ಕುಸಿಯಲಿಲ್ಲ. ಈ ಪಾಠವನ್ನು ರೋಬಸ್ಟಾ ಬೆಲೆ ದಾಖಲೆ ಏರಿದ 2024ರ ನಂತರ ಹೊಸ ಗಾಡಿ ಬುಕ್ ಮಾಡುವ ತರುಣ ಸದಸ್ಯರು ಮರೆಯಬಾರದು.

ಡೀಸೆಲ್ ಅಗ್ಗ ಎಂಬ ಮಾತೂ ಹಳೆಯದಾಯಿತು. 2013ರ ಜನವರಿಯಿಂದ ತಿಂಗಳಿಗೆ ಐವತ್ತು ಪೈಸೆಯಂತೆ ಏರಿಸುತ್ತಾ ಬಂದು, 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರಿ ನಿಯಂತ್ರಣವನ್ನು ತೆಗೆದರು. ಪೆಟ್ರೋಲಿಗೂ ಅದಕ್ಕೂ ಇದ್ದ ಅಂತರ ಕಿರಿದಾಯಿತು. 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಬಂದು ಹೊಸ ಗಾಡಿಗಳಲ್ಲಿ ಸೆನ್ಸರುಗಳು ತುಂಬಿದವು. ಹಿಂದೆ ಡೀಸೆಲ್ ಲೈನಿನಲ್ಲಿ ಏರ್ ಹಿಡಿದರೆ ಒಂದು ಸ್ಪಾನರ್ ಹಿಡಿದು ನಟ್ ಸಡಿಲಿಸಿ, ಕೈ ಪಂಪು ಒತ್ತಿ, ನೊರೆ ಹೋಗುವವರೆಗೆ ಕಾದು ನಾವೇ ಸರಿಮಾಡಿಕೊಳ್ಳುತ್ತಿದ್ದೆವು. ಈಗ ಕಂಪ್ಯೂಟರ್ ತಗುಲಿಸದೆ ಮೇಸ್ತ್ರಿ ಬಾನೆಟ್ ಎತ್ತುವುದಿಲ್ಲ.

ಹಾಗಾದರೆ ಎಳೆಯುವ ಗಾಡಿ ಇಟ್ಟವರು ಏನು ಮಾಡಬೇಕು? ನಮ್ಮ ಅನುಭವದಿಂದ ನಾಲ್ಕು ಮಾತು.

ಒಂದು, ಕೊಂಡಿ. ಪಿನ್, ಲಾಕ್ ಪಿನ್, ಸರಪಳಿ, ಈ ಮೂರನ್ನೂ ಹೊರಡುವ ಮೊದಲು ಕೈಯಿಂದ ಮುಟ್ಟಿ ನೋಡಬೇಕು. ಕಣ್ಣಿಂದ ನೋಡಿದರೆ ಸಾಲದು. ಟ್ರೈಲರಿನಲ್ಲಿ ಭಾರ ಆಕ್ಸಲಿಗಿಂತ ಸ್ವಲ್ಪ ಮುಂದಿರಬೇಕು. ಹಿಂದೆ ಭಾರವಾದರೆ ಮೂತಿ ಮೇಲೆದ್ದು ಪಿನ್ನನ್ನು ಎತ್ತುತ್ತದೆ, ಇಳಿಜಾರಿನಲ್ಲಿ ಬಾಲ ಅಲ್ಲಾಡುತ್ತದೆ.

ಎರಡು, ಬ್ರೇಕು. ಏರು ಹತ್ತಿದ ಗೇರಿನಲ್ಲೇ ಇಳಿಯಬೇಕು. ನ್ಯೂಟ್ರಲ್ ಮಾಡಿ ಇಳಿಸಿ ಡೀಸೆಲ್ ಉಳಿಸುವವರು ಉಳಿಸುವುದು ಒಂದು ಲೋಟ, ಕಳೆಯುವುದು ಜೀವ. ಹೊರೆ ಎರಡು ಪಟ್ಟಾದರೆ ಬ್ರೇಕಿನ ಕೆಲಸ ಎರಡು ಪಟ್ಟು, ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು. ಹೊಳೆ ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಎರಡು ಮೂರು ಸಲ ಒತ್ತಿ ಒಣಗಿಸಬೇಕು.

ಮೂರು, ಎಣ್ಣೆ ಮತ್ತು ನೀರು. ನಮ್ಮ ಮಳೆಗೆ ಡೀಸೆಲಿನಲ್ಲಿ ನೀರು ಸೇರುವುದು ಸಹಜ. ಫಿಲ್ಟರಿನ ಅಡಿಯ ತಿರುಪು ಬಿಚ್ಚಿ ನೀರು ಬಿಡಬೇಕು. ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಡೀಸೆಲನ್ನು ಹೊಸ ಗಾಡಿಗೆ ಹಾಕಲೇಬಾರದು, ಅದರ ಪಂಪು, ಇಂಜೆಕ್ಟರು ಬಹಳ ಸೂಕ್ಷ್ಮ. ಟರ್ಬೊ ಇದ್ದರೆ ಏರು ಹತ್ತಿ ಬಂದ ಕೂಡಲೇ ಆಫ್ ಮಾಡದೆ ಒಂದು ನಿಮಿಷ ಓಡಲು ಬಿಡಿ. ಅನೇಕ ಬಿ.ಎಸ್. 6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ತೋಟದೊಳಗೆ ಮಾತ್ರ ತಿರುಗಿಸಿದರೆ ಅದು ಕಟ್ಟಿಕೊಳ್ಳುತ್ತದೆ, ಆಗಾಗ ದೊಡ್ಡ ರಸ್ತೆಯಲ್ಲಿ ಓಡಿಸಬೇಕು. ಕೆಸರಿನ ಕೆಲಸ ಮುಗಿದ ಮೇಲೆ ಅಡಿ ತೊಳೆದು ಪಟ್ಟೆಗೆ, ಕ್ರಾಸಿಗೆ ಗ್ರೀಸ್ ಹೊಡೆಸಿ. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಏರು ಹತ್ತಿದರೆ ಪ್ಲೇಟ್ ಸುಟ್ಟ ವಾಸನೆ ಮೊದಲು ಬರುತ್ತದೆ, ಬಿಲ್ಲು ಆಮೇಲೆ.

ನಾಲ್ಕು, ಕಾಗದ. ಟ್ರೈಲರಿಗೂ ಪ್ರತ್ಯೇಕ ರಿಜಿಸ್ಟ್ರೇಷನ್, ವಿಮೆ ಬೇಕು. ಪಿಕಪ್ ಸರಕಿನ ಗಾಡಿ, ಎಫ್.ಸಿ. ದಿನಾಂಕ ಬರೆದಿಟ್ಟುಕೊಳ್ಳಿ. 7,500 ಕಿಲೋವರೆಗಿನ ಸರಕು ಗಾಡಿ ಓಡಿಸಲು ಲಘು ವಾಹನದ ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿ, 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿದಿದೆ. ಆದರೆ ಜನರನ್ನು ಹಿಂದೆ ತುಂಬಿಸಿಕೊಳ್ಳಲು ಯಾವ ಲೈಸೆನ್ಸೂ ಇಲ್ಲ. ಬೆಳಿಗ್ಗೆ ಹಾಡಿಗಳಿಂದ, ಲೈನ್ ಮನೆಗಳಿಂದ ಆಳುಗಳನ್ನು ಪಿಕಪ್ಪಿನಲ್ಲಿ ನಿಲ್ಲಿಸಿ ತರುವುದನ್ನು ಇಂದೂ ನೋಡುತ್ತೇವೆ. ಬೇರೆ ಗಾಡಿ ಎಲ್ಲಿದೆ ಅಂತ ಕೇಳುತ್ತಾರೆ. ಕಷ್ಟ ನಮಗೂ ಗೊತ್ತು. ಮೂರು ನಾಲ್ಕು ತೋಟದವರು ಸೇರಿ ಒಂದು ಪ್ರಯಾಣಿಕರ ಜೀಪನ್ನು ಬಾಡಿಗೆಗೆ ಗೊತ್ತುಮಾಡಿದರೆ ಆಗುತ್ತದೆ. ನಾವು ಹಾಗೇ ಮಾಡುತ್ತಿದ್ದೇವೆ.

ಕೊನೆಗೆ ಒಂದು ಸಲಹೆ. ಪ್ರತಿಯೊಬ್ಬ ಸಣ್ಣ ಬೆಳೆಗಾರನಿಗೂ ಸ್ವಂತ ಪಿಕಪ್ ಬೇಕೇ? ವರ್ಷದಲ್ಲಿ ಮೂರು ನಾಲ್ಕು ತಿಂಗಳು ದುಡಿದು ಉಳಿದ ತಿಂಗಳು ಕೊಟ್ಟಿಗೆಯಲ್ಲಿ ನಿಲ್ಲುವ ಗಾಡಿಗೂ ಕಂತು, ವಿಮೆ, ಟೈರು, ಬ್ಯಾಟರಿ ಇದ್ದೇ ಇರುತ್ತದೆ. ಸಂಘವೇ ಒಂದು ಗಾಡಿ ಇಟ್ಟು ಸರದಿಯ ಪ್ರಕಾರ ಬಾಡಿಗೆಗೆ ಕೊಟ್ಟರೆ ಹೇಗೆ? ಗೊಬ್ಬರ ಬರುವಾಗ ಗೊಬ್ಬರ, ಕಾಫಿ ಹೋಗುವಾಗ ಕಾಫಿ, ಎರಡೂ ಕಡೆಗೆ ಹೊರೆ ಇರುತ್ತದೆ. ಹೇರೆತ್ತಿನವರು ಅಕ್ಕಿ ಒಯ್ದು ಉಪ್ಪು ತಂದದ್ದೂ ಇದೇ ಲೆಕ್ಕ. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಇದನ್ನು ಚರ್ಚಿಸಬೇಕೆಂದು ಕೋರುತ್ತೇವೆ.

ಪ್ರತಿ ವರ್ಷ ಕೈಲ್ ಪೊಳ್ದ್‌ನಲ್ಲಿ ಕೋವಿ, ಕತ್ತಿ, ನೇಗಿಲಿನ ಜೊತೆಗೆ ನಮ್ಮ ಹಳೇ ಜೀಪನ್ನೂ ತೊಳೆದು ಹೂವಿಡುತ್ತೇವೆ. ಅಂದು ಕಾಲು ಕಳೆದುಕೊಂಡವರ ಮಗ ಈಗ ನಮ್ಮಲ್ಲೇ ಪಿಕಪ್ ಓಡಿಸುತ್ತಾನೆ. ಅವನಿಗೆ ನಾವು ಏನೂ ಕಲಿಸಿಲ್ಲ. ಹೊರಡುವ ಮೊದಲು ಹಿಂದೆ ಹೋಗಿ ಬಗ್ಗಿ ಕೊಂಡಿಯ ಪಿನ್ನನ್ನು ಒಮ್ಮೆ ಎಳೆದು ನೋಡಿಯೇ ಗಾಡಿ ಹತ್ತುತ್ತಾನೆ. ಅಷ್ಟು ಹೊತ್ತು ನಾವು ಸುಮ್ಮನೆ ನಿಂತಿರುತ್ತೇವೆ.