ಬೇತಾಳನ ಪ್ರಶ್ನೆ: ಘಟಪ್ರಭೆಯ ದಂಡೆಯಿಂದ ಸಯಾಮ್ ದೇಶದವರೆಗೆ

ದೆವ್ವದ ಕಥೆಗಳಿಗೂ ಒಂದು ಇತಿಹಾಸವುಂಟೇ ಎಂದು ನೀವು ಕೇಳಬಹುದು. ಉಂಟು. ರಾಜರ ವಂಶಾವಳಿಯಂತೆ ಕಥೆಗಳಿಗೂ ವಂಶಾವಳಿ ಇರುತ್ತದೆ. ಅವೂ ಗಡಿ ದಾಟುತ್ತವೆ, ವೇಷ ಬದಲಿಸುತ್ತವೆ. ಅಂತಹ ಒಂದು ಕಥಾವಂಶವನ್ನು ಈ ಸಲ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಅದಕ್ಕೆ ನಿಮಿತ್ತವಾದದ್ದು ದೂರದ ಥಾಯ್ಲೆಂಡಿನ ಒಂದು ಚಲನಚಿತ್ರ.

2008ರಲ್ಲಿ ಆ ದೇಶದಲ್ಲಿ ‘ಸೀ ಪ್ರೇಂಗ್’ ಎಂಬ ಚಿತ್ರ ತೆರೆ ಕಂಡಿತು. ಹೊರದೇಶಗಳಲ್ಲಿ ಅದರ ಹೆಸರು ‘4ಬಿಯಾ’. ನಾಲ್ವರು ನಿರ್ದೇಶಕರು ನಾಲ್ಕು ಬೇರೆ ಬೇರೆ ಭಯದ ಕಥೆಗಳನ್ನು ಹೇಳಿ, ಅವನ್ನು ಒಂದೇ ಚಿತ್ರವಾಗಿ ಪೋಣಿಸಿದ್ದಾರೆ. ಮರುವರ್ಷ, 2009ರಲ್ಲಿ, ಐದು ಕಥೆಗಳ ‘ಹಾ ಪ್ರೇಂಗ್’ ಬಂದಿತು. ಥಾಯ್ ಭಾಷೆಯಲ್ಲಿ ‘ಸೀ ಪ್ರೇಂಗ್’ ಎಂದರೆ ನಾಲ್ಕು ದಾರಿಗಳು ಕೂಡುವ ಸ್ಥಳ; ‘ಹಾ ಪ್ರೇಂಗ್’ ಎಂದರೆ ಐದು ದಾರಿಗಳು ಕೂಡುವ ಸ್ಥಳ. ಈ ಹೆಸರಿನ ಅರ್ಥ ತಿಳಿದಾಗ ನನಗೆ ನಮ್ಮ ಸೀಮೆಯೇ ಕಣ್ಣ ಮುಂದೆ ಬಂದಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನ ಹಳ್ಳಿಗಳಲ್ಲಿ ನಿವಾಳಿಸಿದ ಲಿಂಬೆಹಣ್ಣು, ಮೆಣಸಿನಕಾಯಿಗಳನ್ನು ಚೆಲ್ಲುವುದು ಹಾದಿಗಳು ಕೂಡುವಲ್ಲಿಯೇ ಅಲ್ಲವೇ? ಅಮಾವಾಸ್ಯೆಯ ಮರುದಿನ ಶಾಲೆಗೆ ಬರುವಾಗ ಅವನ್ನು ತುಳಿಯದಂತೆ ಸುತ್ತಿ ಬಳಸಿ ಬರುತ್ತಿದ್ದವರು ನಿಮ್ಮಲ್ಲೇ ಅನೇಕರಿದ್ದೀರಿ. ಹಾದಿ ಕೂಡುವಲ್ಲಿ ಭಯವೂ ಕೂಡುತ್ತದೆ ಎಂಬ ನಂಬಿಕೆ ಎರಡೂ ನಾಡುಗಳಿಗೆ ಸಮಾನವಾದುದು.

ಹಲವು ಕಥೆಗಳನ್ನು ಒಂದೇ ದಾರದಲ್ಲಿ ಪೋಣಿಸುವ ಕ್ರಮ ಸಿನಿಮಾದವರು ಕಂಡುಹಿಡಿದದ್ದಲ್ಲ. ಗುಣಾಢ್ಯನು ‘ಬೃಹತ್ಕಥೆ’ಯನ್ನು ಬರೆದದ್ದು ಪೈಶಾಚೀ ಭಾಷೆಯಲ್ಲಿ. ಅದನ್ನು ಅವನು ತನ್ನ ರಕ್ತದಿಂದಲೇ ಬರೆದನೆಂದೂ, ಸಾತವಾಹನ ದೊರೆ ಅದನ್ನು ತಿರಸ್ಕರಿಸಲು ಏಳು ಲಕ್ಷ ಶ್ಲೋಕಗಳಲ್ಲಿ ಆರು ಲಕ್ಷವನ್ನು ಬೆಂಕಿಗೆ ಹಾಕಿದನೆಂದೂ ಐತಿಹ್ಯ ಹೇಳುತ್ತದೆ. ಮೂಲಗ್ರಂಥ ಉಳಿದಿಲ್ಲ. ಆ ಪರಂಪರೆಯನ್ನು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ‘ಕಥಾಸರಿತ್ಸಾಗರ’ದಲ್ಲಿ ಸಂಗ್ರಹಿಸಿದನು. ಅದರೊಳಗೇ ಬೇತಾಳನ ಇಪ್ಪತ್ತೈದು ಕಥೆಗಳಿವೆ. ‘ಚಂದಮಾಮ’ ಓದಿ ಬೆಳೆದವರಿಗೆ ಅದನ್ನು ವಿವರಿಸಬೇಕಿಲ್ಲ. ರಾಜನ ಹೆಗಲ ಮೇಲೆ ಶವ, ಶವದೊಳಗೆ ಬೇತಾಳ, ದಾರಿಯುದ್ದಕ್ಕೂ ಕಥೆ, ಕಥೆಯ ಕೊನೆಗೊಂದು ಪ್ರಶ್ನೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿದು ಹೋಳಾಗುತ್ತದೆ; ಉತ್ತರಿಸಿದರೆ ಬೇತಾಳ ಮರಳಿ ಮರವೇರುತ್ತದೆ. ಈ ದೃಶ್ಯವನ್ನು ಆ ಪತ್ರಿಕೆಗಾಗಿ ದಶಕಗಳ ಕಾಲ ಚಿತ್ರಿಸಿದ ಕಲಾವಿದ ಶಂಕರ್ ಅವರು 2020ರಲ್ಲಿ ತೀರಿಕೊಂಡರು.

ನಮ್ಮ ಕನ್ನಡವೂ ಈ ಪರಂಪರೆಯಲ್ಲಿ ಹಿಂದೆ ಬಿದ್ದಿಲ್ಲ. 1031ರಲ್ಲಿ ದುರ್ಗಸಿಂಹನು ರಚಿಸಿದ ‘ಪಂಚತಂತ್ರ’ ವಿಷ್ಣುಶರ್ಮನ ಪಾಠವನ್ನು ಅನುಸರಿಸದೆ ವಸುಭಾಗನೆಂಬವನ ಪಾಠವನ್ನು ಅನುಸರಿಸಿತು. ಜಾವಾ, ಸಯಾಮ್, ಲಾವೋಸ್‌ಗಳ ತಂತ್ರಿ ಕಥೆಗಳಿಗೂ ಈ ಕನ್ನಡ ಗ್ರಂಥಕ್ಕೂ ಇರುವ ನಂಟನ್ನು ವಿದ್ವಾಂಸರಾದ ಎ. ವೆಂಕಟಸುಬ್ಬಯ್ಯನವರು ತೋರಿಸಿಕೊಟ್ಟಿದ್ದಾರೆ. ಸಯಾಮ್ ಎಂದರೆ ಇಂದಿನ ಥಾಯ್ಲೆಂಡೇ. ಹೀಗೆ ಆ ದೇಶದ ಕಥೆಗಳಿಗೂ ನಮಗೂ ಸಾವಿರ ವರ್ಷದ ನೆಂಟಸ್ತಿಕೆ ಇದೆ.

ಇನ್ನು ನಮ್ಮ ಘಟಪ್ರಭೆಯ ದಂಡೆಯನ್ನೇ ನೋಡಿರಿ. ಗೋಕಾಕದ ಜಲಪಾತದಲ್ಲಿ ಧುಮುಕಿದ ಈ ಹೊಳೆ ಕೆಳಗೆ ಮುಧೋಳದ ಸೀಮೆಗೆ ಹರಿದು ಹೋಗುತ್ತದೆ. ಆ ಮುಧೋಳ ಕವಿ ರನ್ನನ ಊರು. ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಸಂಜಯನೊಡನೆ ರಣರಂಗವನ್ನು ದಾಟುವಾಗ ಮರುಳುಗಳು ಅವನನ್ನು ಅಣಕಿಸುತ್ತವೆ. ಹಳಗನ್ನಡದಲ್ಲಿ ‘ಮರುಳ್’ ಎಂದರೆ ಪಿಶಾಚಿಯೂ ಹೌದು, ಬುದ್ಧಿಗೆಟ್ಟವನೂ ಹೌದು. ಇಷ್ಟೊಂದು ಜನರನ್ನು ಕೊಲ್ಲಿಸಿದವನ ಎದುರು ನಿಂತಾಗ ನಿಜವಾದ ಮರುಳು ಯಾರು ಎಂಬ ಪ್ರಶ್ನೆ ಓದುವವನ ಮನಸ್ಸಿನಲ್ಲಿ ತಾನಾಗಿಯೇ ಏಳುತ್ತದೆ.

ಬೇತಾಳನು ಸಯಾಮಿಗೆ ಇನ್ನೊಂದು ಸಲ ಹೋದದ್ದು ಸುತ್ತುಬಳಸಿನ ದಾರಿಯಿಂದ. ಇಂಗ್ಲಿಷಿನ ರಿಚರ್ಡ್ ಬರ್ಟನ್ 1870ರಲ್ಲಿ ವಿಕ್ರಮ-ಬೇತಾಳರ ಕಥೆಗಳನ್ನು ತನ್ನ ಭಾಷೆಗೆ ತಂದನು. ಆ ಪುಸ್ತಕವನ್ನು ಆಧರಿಸಿ ಸಯಾಮಿನ ರಾಜವಂಶದ ಬಿದ್ಯಾಲಂಕರಣ ಎಂಬ ರಾಜಕುಮಾರನು 1918ರಲ್ಲಿ ‘ನಿಥಾನ್ ವೇತಾನ್’ ಎಂಬ ಗ್ರಂಥ ಬರೆದನು. ‘ವೇತಾನ್’ ಎಂದರೆ ನಮ್ಮ ವೇತಾಳನೇ. 2009ರ ಚಿತ್ರದ ಮೊದಲ ಕಥೆಯಲ್ಲಿ ಬರುವ ‘ಪ್ರೇತ್’ ಕೂಡ ನಮ್ಮ ಪ್ರೇತವೇ. ತಂದೆಯ ಸಾವಿಗೆ ಕಾರಣನಾದ ಹುಡುಗನೊಬ್ಬ ಅರಣ್ಯದ ಬೌದ್ಧ ವಿಹಾರದಲ್ಲಿ ಎಳೆಯ ಭಿಕ್ಷುವಾಗಿ ಸೇರಿರುತ್ತಾನೆ; ಪ್ರೇತಗಳಿಗೆಂದು ಇಟ್ಟ ಎಡೆಯನ್ನು ಅವನು ತಿಂದುಬಿಡುವುದು ಆ ಕಥೆಯ ತಿರುಳು. ಪಕ್ಷಮಾಸದಲ್ಲಿ ಹಿರಿಯರಿಗೆ ಎಡೆ ಹಿಡಿಯುವ ನಮಗೆ ಅದರ ಗಾಂಭೀರ್ಯ ಯಾರೂ ಹೇಳದೆಯೇ ತಿಳಿಯುತ್ತದೆ.

ಚಲನಚಿತ್ರದಲ್ಲಿ ಈ ಕಥಾಮಾಲೆಯ ಕ್ರಮ ಜಗತ್ತಿನ ಹಲವೆಡೆ ನಡೆದು ಬಂದಿದೆ. ಸತ್ಯಜಿತ್ ರಾಯ್ ಅವರು ರವೀಂದ್ರರ ಜನ್ಮಶತಾಬ್ದಿಯ ವರ್ಷವಾದ 1961ರಲ್ಲಿ ‘ತೀನ್ ಕನ್ಯಾ’ ಮಾಡಿದರು. ಅದರ ಮೂರು ಕಥೆಗಳಲ್ಲಿ ‘ಮಣಿಹಾರಾ’ ದೆವ್ವದ ಕಥೆ. ಜಪಾನಿನ ಕೊಬಾಯಾಶಿ 1964ರಲ್ಲಿ ನಾಲ್ಕು ಭೂತಕಥೆಗಳ ‘ಕ್ವೈದಾನ್’ ತೆಗೆದರು. ಕನ್ನಡದಲ್ಲಿ ಪುಟ್ಟಣ್ಣ ಕಣಗಾಲರು 1976ರಲ್ಲಿ ಮೂರು ಸಣ್ಣಕಥೆಗಳನ್ನು ಕೂಡಿಸಿ ‘ಕಥಾಸಂಗಮ’ವನ್ನು ಕೊಟ್ಟರು. ಅದರಲ್ಲಿ ‘ಹಂಗು’ ನಮ್ಮ ಧಾರವಾಡದ ಗಿರಡ್ಡಿ ಗೋವಿಂದರಾಜರ ಕಥೆ. ‘ಮುನಿತಾಯಿ’ಯಲ್ಲಿ ದೆವ್ವವಿಲ್ಲ; ಆದರೆ ಕಣ್ಣಿಲ್ಲದ ಹೆಣ್ಣುಮಗಳೊಬ್ಬಳಿಗೆ ಮನುಷ್ಯನೇ ದೆವ್ವಕ್ಕಿಂತ ಭಯಂಕರನಾಗುತ್ತಾನೆ. 2019ರಲ್ಲಿ ಏಳು ಹೊಸ ನಿರ್ದೇಶಕರು ಏಳು ಕಥೆಗಳಿಂದ ಅದೇ ಹೆಸರಿನ ಚಿತ್ರ ಮಾಡಿ ಪುಟ್ಟಣ್ಣನವರಿಗೆ ಗೌರವ ಸಲ್ಲಿಸಿದರು. ಇನ್ನು ಥಾಯ್ ಕಥೆ ನೇರವಾಗಿ ಕನ್ನಡಕ್ಕೆ ಬಂದದ್ದು 2012ರಲ್ಲಿ. ಪ್ರಿಯಾಮಣಿ ಅಭಿನಯಿಸಿದ ‘ಚಾರುಲತಾ’ 2007ರ ‘ಅಲೋನ್’ ಎಂಬ ಥಾಯ್ ಚಿತ್ರದ ಕನ್ನಡ ರೂಪ. ಆ ಮೂಲಚಿತ್ರದ ಇಬ್ಬರು ನಿರ್ದೇಶಕರೇ ‘ಸೀ ಪ್ರೇಂಗ್’ನ ಎರಡು ಕಥೆಗಳನ್ನೂ ನಿರ್ದೇಶಿಸಿದವರು. ಕೂಡಿ ಹುಟ್ಟಿದ ಅವಳಿಗಳ ಕಥೆ ಅದು. 1811ರಲ್ಲಿ ಸಯಾಮಿನಲ್ಲಿ ಹುಟ್ಟಿದ ಚಾಂಗ್ ಮತ್ತು ಎಂಗ್ ಸಹೋದರರಿಂದಲೇ ಅಂಥವರಿಗೆ ‘ಸಯಾಮಿ ಅವಳಿಗಳು’ ಎಂಬ ಹೆಸರು ಬಂದಿತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಕಥೆಗಳಲ್ಲಿ ದೆವ್ವ ಯಾರನ್ನು ಹುಡುಕಿ ಬರುತ್ತದೆ? ಬೇತಾಳನು ಪ್ರಶ್ನಿಸುವುದು ರಾಜನನ್ನು. ರನ್ನನ ಮರುಳು ಅಣಕಿಸುವುದು ಚಕ್ರವರ್ತಿಯನ್ನು. ‘ಸೀ ಪ್ರೇಂಗ್’ನ ಕೊನೆಯ ಕಥೆಯಲ್ಲಿ ರಾಜಕುಮಾರಿಯ ಶವದೊಡನೆ ವಿಮಾನದಲ್ಲಿ ಸಿಕ್ಕಿಬೀಳುವವಳು ಅವಳ ಗಂಡನೊಡನೆ ಸಂಬಂಧ ಇಟ್ಟುಕೊಂಡ ಗಗನಸಖಿ. ಎಲ್ಲ ಕಥೆಗಳೂ ಹೀಗಿಲ್ಲ ನಿಜ. ಅದೇ ಚಿತ್ರದ ಮೊದಲ ಕಥೆಯಲ್ಲಿ ಕಾಲು ಮುರಿದುಕೊಂಡು ಕೋಣೆಯಲ್ಲಿ ಒಬ್ಬಳೇ ಇರುವ ಹುಡುಗಿ ಯಾವ ಪಾಪವನ್ನೂ ಮಾಡಿದವಳಲ್ಲ. ಆದರೂ ಬಹುಮಟ್ಟಿಗೆ ಕಥೆಯ ದೆವ್ವವು ತಪ್ಪಿತಸ್ಥನನ್ನೋ ಬಲಶಾಲಿಯನ್ನೋ ತಡೆದು ನಿಲ್ಲಿಸಿ ಲೆಕ್ಕ ಕೇಳುತ್ತದೆ.

ನಮ್ಮ ಓಣಿಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಇಲ್ಲಿ ದೆವ್ವ ‘ಬಡಿಯುವುದು’ ಯಾವಾಗಲೂ ದುರ್ಬಲರನ್ನೇ: ಹೊಸದಾಗಿ ಬಂದ ಸೊಸೆಯನ್ನು, ಬಾಣಂತಿಯನ್ನು, ರೋಗಿಷ್ಠ ಮಗುವನ್ನು. ಊರ ಗೌಡರಿಗೆ, ಬಡ್ಡಿ ಸಾಹುಕಾರರಿಗೆ ದೆವ್ವ ಬಡಿದದ್ದನ್ನು ನಾನಂತೂ ಕಂಡಿಲ್ಲ. ಒಮ್ಮೆ ನಮ್ಮ ಶಾಲೆಯ ಹುಡುಗಿಯೊಬ್ಬಳು ಮೂರು ವಾರ ತರಗತಿಗೆ ಬರಲಿಲ್ಲ. ವಿಚಾರಿಸಲು ಹೋದರೆ ತಂದೆ ಹೇಳಿದರು: “ಹುಡುಗೀಗಿ ಗಾಳಿ ಸೋಕೈತ್ರಿ ಸರ, ಬಿಡಸಾಕ ಕರಕೊಂಡ ಹೊಂಟೇವ್ರಿ.” ಆ ಮಗುವಿನ ಮುಂಗೈಗಳ ಮೇಲೆ ಹಗ್ಗದ ಗುರುತಿತ್ತು. ಕಡೆಗೆ ಊರ ಹಿರಿಯರೊಬ್ಬರ ಮಾತಿಗೆ ಒಪ್ಪಿ ಆಸ್ಪತ್ರೆಗೆ ಕರೆದೊಯ್ದಾಗ ಅದು ಮೂರ್ಛೆರೋಗವೆಂದು ತಿಳಿಯಿತು. ಗುಳಿಗೆಯಿಂದ ಹತೋಟಿಗೆ ಬರುವ ರೋಗಕ್ಕೆ ಆ ಮಗು ಹಗ್ಗದ ಕಟ್ಟನ್ನು ಅನುಭವಿಸಿತ್ತು.

ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಇಂದು ಶಿಕ್ಷಾರ್ಹ ಅಪರಾಧ. ಇದಕ್ಕಾಗಿ ಕರ್ನಾಟಕದಲ್ಲಿ 2017ರಲ್ಲಿ ಅಂಗೀಕಾರವಾದ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಕಾಯ್ದೆಗೆ ಮೊದಲೇ, 2014ರ ಡಿಸೆಂಬರ್ 6ರಂದು, ಡಾ. ಅಂಬೇಡ್ಕರರ ಪರಿನಿರ್ವಾಣ ದಿನ, ಗೋಕಾಕದವರಾದ ಸತೀಶ ಜಾರಕಿಹೊಳಿಯವರು ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಜನರೊಡನೆ ಊಟ ಮಾಡಿ ರಾತ್ರಿ ಕಳೆದರು. ಅವರ ರಾಜಕೀಯದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಸ್ಮಶಾನವೂ ಒಂದು ನೆಲ, ಅಲ್ಲಿಯೂ ಬೆಳಗಾಗುತ್ತದೆ ಎಂಬುದನ್ನು ಅಂದು ಬಹಳ ಜನ ಕಣ್ಣಾರೆ ಕಂಡರು.

ಹಾಗೆಂದು ಮಕ್ಕಳಿಗೆ ದೆವ್ವದ ಕಥೆಗಳನ್ನು ಹೇಳಲೇಬಾರದೆಂದು ನಾನು ಹೇಳಲಾರೆ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದ ಪಾರಿಜಾತದ ಆಟವನ್ನು ರಾತ್ರಿಯಿಡೀ ಕುಳಿತು ನೋಡಿದ ಸೀಮೆ ನಮ್ಮದು. ಕಥೆಯಿಲ್ಲದೆ ನಾವು ಬದುಕಿದವರಲ್ಲ. ಕಥೆಯಲ್ಲಿ ಭಯಕ್ಕೆ ಒಂದು ಆದಿ, ಒಂದು ಅಂತ್ಯ ಇರುತ್ತದೆ. ಅದನ್ನು ಮುಗಿಸಿ ನಿದ್ದೆ ಹೋಗಬಹುದು. ಮೂಢನಂಬಿಕೆಯ ಭಯಕ್ಕೆ ಅಂತ್ಯವೇ ಇರುವುದಿಲ್ಲ. ಆದುದರಿಂದ ನಿಮ್ಮ ಮೊಮ್ಮಕ್ಕಳಿಗೆ, ಮಕ್ಕಳಿಗೆ ಬೇತಾಳನ ಕಥೆಯನ್ನು ಅವಶ್ಯವಾಗಿ ಹೇಳಿರಿ. ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡದೆ ಕೇಳಿರಿ. ಇನ್ನು ನಿಮ್ಮ ನೆರೆಯಲ್ಲಿ ಯಾರಿಗಾದರೂ ‘ಗಾಳಿ ಸೋಕಿದೆ’ ಎಂಬ ಮಾತು ಕಿವಿಗೆ ಬಿದ್ದರೆ, ಆ ಮನೆಗೆ ನೀವೇ ಹೋಗಿರಿ, ರೋಗಿಯನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಉತ್ತರ ಗೊತ್ತಿದ್ದೂ ಸುಮ್ಮನಿರುವವನಿಗೆ ಬೇತಾಳ ವಿಧಿಸಿದ ಶಿಕ್ಷೆ ಏನೆಂಬುದು ನಿಮಗೆಲ್ಲ ಗೊತ್ತೇ ಇದೆ.